ತಿಪ್ಪೆ, ಸಾಲ, ಪೇಟೆ: ಧಾರವಾಡ ಸೀಮೆಯ ಸಣ್ಣ ಒಕ್ಕಲುತನದ ಚರಿತ್ರೆ

೧

ಧಾರವಾಡದ ಪಡುವಣ ಮಗ್ಗುಲಿಗಿರುವ ಸಪ್ತಾಪುರವನ್ನು ಇಂದು ಮೊದಲ ಸಾರೆ ನೋಡುವವರಿಗೆ, ಇದು ಒಂದು ಕಾಲಕ್ಕೆ ಹೊಲ-ತೋಟಗಳ ಹಳ್ಳಿಯಾಗಿತ್ತೆಂದು ಹೇಳಿದರೆ ನಂಬುವದು ಕಠಿಣವಾದೀತು. ಬೀದಿಯ ಎರಡೂ ಬದಿಗೆ ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳು. ಅವುಗಳ ಹಿಂದೆ ವಾಚನಾಲಯಗಳು, ಖಾನಾವಳಿಗಳು, ಬಾಡಿಗೆಯ ಕೋಣೆಗಳು. ಹಳ್ಳಿಯು ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಆದರೂ ಜನರ ಬಾಯಲ್ಲಿ 'ಸಪ್ತಾಪುರ ಬಾವಿ' ಎಂಬ ಹೆಸರು ಮಾತ್ರ ಅಳಿಯದೆ ಉಳಿದಿದೆ. ಬಾವಿಯಿದ್ದಲ್ಲಿ ನೀರು, ನೀರಿದ್ದಲ್ಲಿ ಕಾಯಿಪಲ್ಲೆಯ ಮಡಿ. ಸ್ಥಳನಾಮವು ಇಷ್ಟು ಚರಿತ್ರೆಯನ್ನಾದರೂ ತನ್ನಲ್ಲಿ ಕಾದಿಟ್ಟುಕೊಂಡಿದೆ.

ಆ ಬಾಡಿಗೆಯ ಕೋಣೆಗಳಲ್ಲಿ ದೀಪ ಹಚ್ಚಿಕೊಂಡು ಓದುವ ತರುಣರಲ್ಲಿ ಅನೇಕರು ಒಕ್ಕಲಿಗರ ಮನೆಯ ಮಕ್ಕಳು. ತಂದೆಯು ಸುಗ್ಗಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಮಗನು ಹೇಗಾದರೂ ತಿಂಗಳ ಸಂಬಳದ ನೌಕರಿಯನ್ನು ಹಿಡಿಯಲೆಂದು ಇಲ್ಲಿಗೆ ಕಳಿಸಿರುತ್ತಾನೆ. ಹೊಲವನ್ನು ಕಂಡು ಬೆಳೆದ ಮಗನು ಹೊಲವನ್ನು ಬಿಟ್ಟು ಬರಬೇಕೆಂದು ಹೊಲದ ಒಡೆಯನೇ ಬಯಸುವದಕ್ಕೆ ಕಾರಣವೇನು? ಮಣ್ಣಿನ ಮೇಲಿನ ಬೇಸರವೇ ಇದಕ್ಕೆ ಕಾರಣವೆಂದು ಹೇಳಲಾಗದು. ನಾಳೆ ಏನಾದೀತೆಂಬುದನ್ನು ಅರಿಯದ ಬದುಕು ಅವನನ್ನು ದಣಿಸಿದೆ. ಈ ಅನಿಶ್ಚಿತತೆಯು ಎಲ್ಲಿಂದ ಬಂದಿತು, ಅದರ ಇದಿರಿಗೆ ನಮ್ಮ ಹಿಂದಿನವರು ಯಾವ ಯಾವ ಉಪಾಯಗಳನ್ನು ಹೂಡಿದರು, ಅವುಗಳಲ್ಲಿ ಯಾವುವು ನಿಂತವು, ಯಾವುವು ಬಿದ್ದವು ಎಂಬುದನ್ನು ವಾಚಕರ ಮುಂದೆ ಇಡುವದೇ ಈ ಲೇಖದ ಉದ್ದೇಶವಾಗಿದೆ.

ಸಣ್ಣ ಒಕ್ಕಲಿಗನೆಂದರೆ ಬೆಳೆಗಾರನೂ ಹೌದು, ವ್ಯಾಪಾರಿಯೂ ಹೌದು. ಅವನ ಮುಂದೆ ಯಾವಾಗಲೂ ಮೂರು ಪ್ರಶ್ನೆಗಳಿರುತ್ತವೆ. ಮಣ್ಣಿನ ಕಸುವನ್ನು ಎಲ್ಲಿಂದ ತರಬೇಕು? ಬಿತ್ತಿಗೆಯಿಂದ ಸುಗ್ಗಿಯವರೆಗಿನ ಖರ್ಚಿಗೆ ಹಣವನ್ನು ಯಾರಲ್ಲಿ ಪಡೆಯಬೇಕು? ಬೆಳೆದುದನ್ನು ಯಾರಿಗೆ, ಯಾವ ಬೆಲೆಗೆ ಮಾರಬೇಕು? ತಿಪ್ಪೆ, ಸಾಲ, ಪೇಟೆ ಎಂಬ ಮೂರು ಮಾತುಗಳಲ್ಲಿ ಈ ಪ್ರಶ್ನೆಗಳನ್ನು ಸಂಗ್ರಹಿಸಬಹುದು. ಕಳೆದ ನೂರೆಂಬತ್ತು ವರುಷಗಳ ಧಾರವಾಡ ಸೀಮೆಯ ಚರಿತ್ರೆಯನ್ನು ಈ ಮೂರರ ಬೆಳಕಿನಲ್ಲಿ ನೋಡೋಣ.

೨

ಧಾರವಾಡವು ಮಲೆನಾಡು ಮುಗಿದು ಬಯಲುಸೀಮೆಯು ಮೊದಲಾಗುವ ಅಂಚಿನ ಮೇಲೆ ಕುಳಿತಿದೆ. ಪಡುವಣಕ್ಕೆ ಕಲಘಟಗಿ, ಹಳಿಯಾಳಗಳ ಕಡೆಗೆ ನಡೆದಂತೆ ಮಳೆ ಹೆಚ್ಚು, ನೆಲವು ಕೆಂಪು, ಬತ್ತ ಮತ್ತು ಮಾವು ಅಲ್ಲಿಯ ಬೆಳೆ. ಮೂಡಣಕ್ಕೆ ನವಲಗುಂದ, ಗದಗುಗಳ ಕಡೆಗೆ ನಡೆದಂತೆ ಕಣ್ಣು ಹರಿಯುವವರೆಗೆ ಎರೆಯ ಬಯಲು. ಅಲ್ಲಿ ಹತ್ತಿ, ಜೋಳ, ಗೋದಿ, ಕಡಲೆ, ಕುಸುಬೆ. ಎರೆಯು ಮಳೆಯ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವದರಿಂದ, ಹಿಂಗಾರಿಯಲ್ಲಿ ಮಳೆಯಿಲ್ಲದಿದ್ದರೂ ಆ ಹಸಿಯ ಮೇಲೆಯೇ ಬೆಳೆಯು ಬರುವದು. ಮಸಾರಿ ನೆಲವು ನೀರನ್ನು ಬೇಗನೆ ಬಸಿದುಬಿಡುವದು. ಅಂತೆಯೇ ಅಲ್ಲಿ ಪೇರಲ, ಮಾವುಗಳ ಬೇರು ಕೊಳೆಯದೆ ಆಳಕ್ಕೆ ಇಳಿಯುವವು. ನವಲೂರಿನ ಪೇರಲ ಹಣ್ಣಿಗೂ ಕೆಲಗೇರಿಯ ಸುತ್ತಣ ಆಪೂಸಿಗೂ ಹೆಸರು ಬಂದುದು ಈ ನೆಲದ ಗುಣದಿಂದಲೇ.

ಈ ಎರಡು ಬಗೆಯ ನೆಲಕ್ಕೂ ಕಸುವನ್ನು ಕೊಡುತ್ತಿದ್ದುದು ಮನೆಯ ಹಿತ್ತಲಿನ ತಿಪ್ಪೆ. ದನದ ಸಗಣಿ, ಗಂಜಲದಲ್ಲಿ ತೊಯ್ದ ಮಣ್ಣು, ಒಲೆಯ ಬೂದಿ, ಮೇವು ತಿಂದುಳಿದ ಕಸ, ಕಣದ ಹೊಟ್ಟು ಇವೆಲ್ಲ ವರುಷವಿಡೀ ಅಲ್ಲಿ ಸೇರಿ ಕೊಳೆತು, ಮುಂಗಾರಿಗೆ ಮುಂಚೆ ಚಕ್ಕಡಿಗಳಲ್ಲಿ ಹೊಲಕ್ಕೆ ಹೋಗುತ್ತಿದ್ದವು. ಸುಗ್ಗಿ ತೀರಿದ ಮೇಲೆ ಕುರುಬರು ಕುರಿಯ ಹಿಂಡುಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಹಿಂಡನ್ನು ಇಷ್ಟು ರಾತ್ರಿ ಹೊಲದಲ್ಲಿ ತರುಬಿದರೆ ಇಷ್ಟು ಕಾಳು ಎಂದು ಗೊತ್ತುಮಾಡಿಕೊಂಡು ಹಿಕ್ಕೆಯ ಗೊಬ್ಬರವನ್ನು ಪಡೆಯುವ ಪದ್ಧತಿಯು ಈ ಸೀಮೆಯಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ. ಇದರಲ್ಲಿ ಕುರುಬನಿಗೆ ಕಾಳು, ಒಕ್ಕಲಿಗನಿಗೆ ಕಸುವು; ನಡುವೆ ಹಣದ ಮಾತಿಲ್ಲ.

ಒಂದೇ ಬೆಳೆಯನ್ನು ನಂಬಬಾರದೆಂಬ ತಿಳಿವಳಿಕೆಯೂ ಹಳೆಯದೇ. ಕುಂದಗೋಳದ ಕಡೆಗೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಈ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿಯನ್ನು ನೋಡಿರಿ. ಮೊದಲು ಉಳ್ಳಾಗಡ್ಡಿಯು ಕೈಗೆ ಬಂದು ಕೂಲಿಯ ಖರ್ಚು ಹುಟ್ಟುವದು; ಆಮೇಲೆ ಮೆಣಸಿನಕಾಯಿ; ಕಟ್ಟಕಡೆಗೆ ಹತ್ತಿ. ಮಳೆಯು ಒಂದಕ್ಕೆ ತಪ್ಪಿದರೆ ಇನ್ನೊಂದಕ್ಕೆ ಒದಗುವದು. ಪೇಟೆಯು ಒಂದಕ್ಕೆ ಬಿದ್ದರೆ ಮತ್ತೊಂದಕ್ಕೆ ಏಳುವದು. ಪುಸ್ತಕವನ್ನು ಓದಿ ಕಲಿತ ವ್ಯವಹಾರಶಾಸ್ತ್ರವಲ್ಲವಿದು. ಅನೇಕ ಬರಗಳನ್ನು ದಾಟಿದ ಕುಟುಂಬಗಳು ಕಂಡುಕೊಂಡ ವಿಮೆ.

೩

ಈ ಹಳೆಯ ಲೆಕ್ಕಾಚಾರವನ್ನು ಮೊದಲು ಕದಲಿಸಿದುದು ಹತ್ತಿ. ಲ್ಯಾಂಕಶಾಯರಿನ ಗಿರಣಿಗಳಿಗೆ ಅಮೇರಿಕೆಯ ಹತ್ತಿಯನ್ನೇ ನಂಬಿ ಕುಳಿತುಕೊಳ್ಳುವದು ಅಪಾಯವೆಂದು ತೋರಿದಾಗ, ಈಸ್ಟ್ ಇಂಡಿಯಾ ಕಂಪನಿಯು ೧೮೪೦ರ ಸುಮಾರಿಗೆ ಅಮೇರಿಕೆಯಿಂದ ಹತ್ತಿಯ ಬೆಳೆಗಾರರನ್ನೇ ಕರೆಯಿಸಿತು. ಅವರಲ್ಲಿ ಮರ್ಸರನೆಂಬವನು ಧಾರವಾಡ ಜಿಲ್ಲೆಗೆ ಬಂದನು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಸರಕಾರದ ಪ್ರಯೋಗಕ್ಷೇತ್ರವು ನಡೆಯಿತು. ಧಾರವಾಡದ ಕಲೆಕ್ಟರನಾಗಿದ್ದ ಶಾ ಎಂಬವನು ನ್ಯೂ ಆರ್ಲಿಯನ್ಸದ ಹತ್ತಿಯನ್ನು ಒಕ್ಕಲಿಗರಲ್ಲಿ ಹಬ್ಬಿಸುವದಕ್ಕೆ ಬಹಳ ಶ್ರಮಪಟ್ಟನು. ಇತರ ಪ್ರಾಂತಗಳಲ್ಲಿ ಈ ಬೀಜವು ಬಹುಮಟ್ಟಿಗೆ ಸೋತರೂ ನಮ್ಮ ಎರೆಯಲ್ಲಿ ಬೇರೂರಿತು. 'ಧಾರವಾಡ-ಅಮೇರಿಕನ್' ಎಂಬ ಹೆಸರು ದೂರದ ಪೇಟೆಗಳಲ್ಲಿ ಕೇಳಬಂದಿತು. ದೇಶೀ ಹತ್ತಿಗಾದರೋ ಬೇರೆಯೇ ಹೆಸರಿದ್ದಿತು. ಚಕ್ಕಡಿಗಳ ಮೇಲೆ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದುದರಿಂದ ಅದನ್ನು 'ಕುಮಟಾ ಹತ್ತಿ' ಎಂದರು. ಬೆಳೆದ ಊರಿನ ಹೆಸರು ಹೋಗಿ ಹಡಗೇರಿದ ಊರಿನ ಹೆಸರು ನಿಂತಿತೆಂಬುದರಲ್ಲಿಯೇ ಬೆಳೆಗಾರನ ಸ್ಥಾನವೇನೆಂಬುದು ಕಾಣುತ್ತದೆ.

೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧವು ಹೊತ್ತಿತು. ಅಲ್ಲಿಯ ಬಂದರುಗಳು ಮುಚ್ಚಿದವು. ಇಲ್ಲಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಜೋಳದ ಹೊಲಗಳು ಹತ್ತಿಯ ಹೊಲಗಳಾದವು. ಬೆಲೆಯ ಆಸೆಗೆ ಹತ್ತಿಯಲ್ಲಿ ಕಲಬೆರಕೆಯು ಎಷ್ಟು ಹೆಚ್ಚಿತೆಂದರೆ, ಅದನ್ನು ತಡೆಯುವದಕ್ಕಾಗಿ ಮುಂಬಯಿ ಸರಕಾರವು ೧೮೬೩ರಲ್ಲಿ ಒಂದು ಕಾಯದೆಯನ್ನೇ ಮಾಡಬೇಕಾಯಿತು. ೧೮೬೫ರಲ್ಲಿ ಯುದ್ಧವು ನಿಂತ ಕೂಡಲೆ ಬೆಲೆಯು ಕುಸಿಯಿತು. ಮುಂಬಯಿಯ ದೊಡ್ಡ ದೊಡ್ಡ ಪೇಢಿಗಳೇ ಮುಳುಗಿದ ಮೇಲೆ ಹಳ್ಳಿಯ ಒಕ್ಕಲಿಗನ ಪಾಡೇನು? ಏರಿದ ಬೆಲೆಯನ್ನು ನಂಬಿ ಎತ್ತಿದ ಸಾಲವು ಬೆಲೆಯ ಸಂಗಡ ಇಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಎತ್ತಿ ಹೇಳುವದು ಅವಶ್ಯವಿದೆ. ಹತ್ತಿಯಿಂದ ಈ ಸೀಮೆಗೆ ಕೇಡೇ ಆಯಿತೆಂದು ಹೇಳುವದು ನ್ಯಾಯವಾಗಲಾರದು. ಹುಬ್ಬಳ್ಳಿ, ಗದಗುಗಳು ಬೆಳೆದುದು ಹತ್ತಿಯಿಂದ. ೧೮೮೦ರ ದಶಕದಲ್ಲಿ ಬಂದ ರೈಲಿಗೂ ಹತ್ತಿಯೇ ಮುಖ್ಯ ಹೇರಾಯಿತು. ಆದರೆ ಆ ಮೊದಲು ಒಕ್ಕಲಿಗನು ಮುಗಿಲನ್ನು ಮಾತ್ರ ನೋಡಿ ಭವಿಷ್ಯವನ್ನು ಎಣಿಸುತ್ತಿದ್ದನು. ಆಮೇಲೆ ಅವನು ಕಂಡು ಕೇಳದ ಸಮುದ್ರದಾಚೆಯ ಸಂಗತಿಗಳೂ ಅವನ ಹಗೇವಿನೊಳಗಿನ ಕಾಳನ್ನು ಅಳೆಯತೊಡಗಿದವು.

೪

ಹತ್ತಿಯ ಬೆಲೆ ಬಿದ್ದ ಮೇಲೆ ಹನ್ನೊಂದು ವರುಷಗಳಿಗೆ ೧೮೭೬-೭೮ರ ಘೋರ ಬರಗಾಲವು ಬಂದಿತು. ೧೮೭೨ರ ಗಣತಿಗೂ ೧೮೮೧ರ ಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಲಕ್ಷದಷ್ಟು ಇಳಿಯಿತೆಂದರೆ ಆ ಕಾಲದ ದುಃಖವನ್ನು ಬೇರೆ ಮಾತಿನಿಂದ ವರ್ಣಿಸಬೇಕಾಗಿಲ್ಲ. ಬರದಲ್ಲಿ ಮನುಷ್ಯರಿಗಿಂತ ಮೊದಲು ದನಗಳು ಸತ್ತವು. ದನವು ಸತ್ತರೆ ಉಳುವ ಶಕ್ತಿಯೊಡನೆ ತಿಪ್ಪೆಯೂ ಹೋಗುತ್ತದೆ. ಆದ್ದರಿಂದ ಮಳೆಯು ಮರಳಿ ಬಂದ ವರುಷವೂ ಹೊಲವು ಹಿಂದಿನಂತೆ ಫಲಿಸುವದಿಲ್ಲ. ಬರದ ಈ ಎರಡನೆಯ ಪೆಟ್ಟನ್ನು ಚರಿತ್ರಕಾರರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವದಿಲ್ಲ.

ಮುಂದೆ ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಹುಬ್ಬಳ್ಳಿ-ಧಾರವಾಡಗಳಿಗೂ ಬಂದಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ಸಂತೆಗಳು ನಿಂತವು. ಪ್ಲೇಗಿನ ಭಯದಿಂದ ಉತ್ತರ ಹಿಂದುಸ್ಥಾನದ ಉನ್ನಾವದಿಂದ ಹೊರಟು ಧಾರವಾಡಕ್ಕೆ ಬಂದು ನೆಲಸಿದ ಒಂದು ಕುಟುಂಬದ ಕಥೆಯು ಇಲ್ಲಿ ಸ್ಮರಣೀಯವಾಗಿದೆ. ರಾಮರತನಸಿಂಗ ಠಾಕೂರರು ಜೀವನೋಪಾಯಕ್ಕಾಗಿ ಪೇಢೆಯನ್ನು ಮಾಡಿ ಮಾರತೊಡಗಿದರು. ಲೈನ್ ಬಜಾರದಲ್ಲಿ ಅವರ ಮೊಮ್ಮಗ ಬಾಬುಸಿಂಗರ ಕಾಲಕ್ಕೆ ಆ ಪೇಢೆಯು ಊರಿನ ಹೆಸರಿನೊಡನೆ ಒಂದಾಗಿಹೋಯಿತು. ಈಗ ಧಾರವಾಡದ ಪೇಢೆಗೆ ಭೌಗೋಳಿಕ ಸೂಚಿಯ ಕಾಯದೆಯ ರಕ್ಷಣೆಯೂ ದೊರೆತಿದೆ.

ಈ ಪೇಢೆಯ ವ್ಯವಹಾರವನ್ನು ಒಕ್ಕಲುತನದ ಚರಿತ್ರೆಯಲ್ಲಿ ತರುವದೇಕೆಂದು ವಾಚಕರು ಕೇಳಬಹುದು. ಹಾಲು ಒಂದು ದಿನದಲ್ಲಿ ಕೆಡುವ ಪದಾರ್ಥ. ಅದನ್ನು ಮಾರುವವನಿಗೆ ಬೆಲೆಗಾಗಿ ಕಾಯುವ ಶಕ್ತಿಯಿಲ್ಲ. ಅದೇ ಹಾಲನ್ನು ಖೋವಾ ಮಾಡಿ, ಸಕ್ಕರೆಯೊಡನೆ ಕಂದುಬಣ್ಣಕ್ಕೆ ಬರುವಂತೆ ಹುರಿದು, ಉಂಡೆ ಕಟ್ಟಿ ಸಕ್ಕರೆಯ ಪುಡಿಯಲ್ಲಿ ಹೊರಳಿಸಿದರೆ ಅದು ಅನೇಕ ದಿನ ಕೆಡದೆ ಊರಿಂದೂರಿಗೆ ಹೋಗುವದು. ಕೆಡುವದನ್ನು ಕೆಡದಂತೆ ಮಾಡುವವನು ಪೇಟೆಯ ಮುಂದೆ ಸ್ವಲ್ಪ ತಲೆಯೆತ್ತಿ ನಿಲ್ಲಬಲ್ಲನು. ಈ ಹಾಲನ್ನು ಕೊಟ್ಟುದು ಸುತ್ತಣ ಹಳ್ಳಿಗಳ ಎಮ್ಮೆ. ಧಾರವಾಡಿ ಎಮ್ಮೆಯು ಪ್ರತ್ಯೇಕ ತಳಿಯೆಂದು ೨೦೨೧ರಲ್ಲಿ ರಾಷ್ಟ್ರಮಟ್ಟದ ಮನ್ನಣೆಯನ್ನು ಪಡೆಯಿತು. ಎಮ್ಮೆಯ ಹಾಲು ಪೇಟೆಗೆ ಹೋಯಿತು. ಸಗಣಿಯು ಹೊಲದಲ್ಲಿಯೇ ಉಳಿಯಿತು. ಹೀಗೆ ಪೇಟೆ ಮತ್ತು ತಿಪ್ಪೆ ಒಂದನ್ನೊಂದು ಪೋಷಿಸುವ ವ್ಯವಹಾರವೇ ಸಣ್ಣ ಒಕ್ಕಲಿಗನಿಗೆ ಹೊಂದುವಂಥದು.

೫

ತಿಪ್ಪೆಯೂ ಪೇಟೆಯೂ ಇದ್ದರೂ ಸಾಲದ ಪ್ರಶ್ನೆಯು ಉಳಿದೇ ಇತ್ತು. ಬಿತ್ತಿಗೆಯ ಕಾಲಕ್ಕೆ ಸಾವುಕಾರನಲ್ಲಿ ಎತ್ತಿದ ಹಣಕ್ಕೆ ಬಡ್ಡಿಯಷ್ಟೇ ಬೆಲೆಯಾಗಿರಲಿಲ್ಲ. ಬೆಳೆಯನ್ನು ಅವನಿಗೇ, ಅವನು ಹೇಳಿದ ದರಕ್ಕೇ ಹಾಕಬೇಕಾಗುತ್ತಿತ್ತು. ಸಾಲವು ಪೇಟೆಯ ಬಾಗಿಲನ್ನೂ ಮುಚ್ಚಿಬಿಡುತ್ತಿತ್ತು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯು ಜಾರಿಗೆ ಬಂದಿತು. ಮರುವರುಷವೇ, ಅಂದರೆ ೧೯೦೫ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳವೆಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಹಿಂದುಸ್ಥಾನದಲ್ಲಿಯೇ ಇದು ಈ ಬಗೆಯ ಮೊದಲನೆಯ ಸಂಘವೆಂದು ಪ್ರಸಿದ್ಧವಾಗಿದೆ.

ಒಬ್ಬ ಒಕ್ಕಲಿಗನ ಪತ್ತಿಗೆ ಬೆಲೆಯಿಲ್ಲದಿರಬಹುದು. ಊರಿನ ಒಕ್ಕಲಿಗರೆಲ್ಲರ ಕೂಡಿದ ಪತ್ತಿಗೆ ಬೆಲೆಯಿದೆಯೆಂಬುದೇ ಈ ಸಂಘದ ತಳಹದಿ. ಯಾರು ಸಾಲಕ್ಕೆ ಅರ್ಹರು, ಯಾರು ಸಾಲವನ್ನು ಮದುವೆಗೆ ಕಳೆಯುವರು, ಯಾರು ಎತ್ತಿಗೆ ಹಾಕುವರು ಎಂಬುದನ್ನು ದೂರದ ಕಚೇರಿಗಿಂತ ನೆರೆಮನೆಯವರು ಚೆನ್ನಾಗಿ ಬಲ್ಲರು. ಒಂದು ಬಡ ಹಳ್ಳಿಯು ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳಬಲ್ಲದೆಂದು ಕಣಗಿನಹಾಳದವರು ಆ ಕಾಲಕ್ಕೆ ತೋರಿಸಿಕೊಟ್ಟುದು ಸಣ್ಣ ಮಾತಲ್ಲ.

ಇನ್ನು ಹತ್ತು ವರುಷಗಳಲ್ಲಿ ಈ ವಿಚಾರವು ಪೇಟೆಗೂ ಹಬ್ಬಿತು. ೧೯೧೫ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘವು ಹುಟ್ಟಿತು. ಸುಧಾರಿಸಿದ ಹತ್ತಿಯನ್ನು ಬೆಳೆಯುವವರಿಗೆ ಉತ್ತೇಜನ ಕೊಡುವದು, ಎಲ್ಲರ ಅರಳೆಯನ್ನು ಒಟ್ಟುಗೂಡಿಸಿ ಮಾರುವದು ಅದರ ಧ್ಯೇಯವಾಗಿತ್ತು. ಒಬ್ಬನ ನಾಲ್ಕು ಹೇರುಗಳನ್ನು ಅಡತಿಯವನು ಕಣ್ಣೆತ್ತಿ ನೋಡಲಾರನು. ನೂರು ಜನರ ನಾನೂರು ಹೇರುಗಳಿಗೆ ಕೊಳ್ಳುವವನೇ ಬಾಗಿಲಿಗೆ ಬರುವನು. ೧೯೧೬ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಸ್ಥಾಪಿತವಾಗಿ ಹಳ್ಳಿಯ ಸಂಘಗಳಿಗೆ ಹಣವನ್ನೊದಗಿಸತೊಡಗಿತು. ೧೯೨೯ರ ತರುವಾಯ ಜಗತ್ತಿನಲ್ಲೆಲ್ಲ ಬೆಲೆಗಳು ಬಿದ್ದಾಗ, ಒಕ್ಕಲಿಗನ ಸಾಲದ ಅಂಕಿಯು ಇದ್ದಂತೆಯೇ ಇದ್ದು ಬೆಳೆಯ ಬೆಲೆಯು ಮಾತ್ರ ಇಳಿದುದರಿಂದ ಸಹಕಾರವೂ ಅವನನ್ನು ಪೂರ್ತಿ ಕಾಯಲಾರದಾಯಿತು. ಬೆಲೆಯನ್ನು ಕಟ್ಟಿ ಹಾಕುವ ಶಕ್ತಿಯು ಯಾವ ಹಳ್ಳಿಯ ಸಂಘಕ್ಕೂ ಇಲ್ಲ. ಆದರೆ ಬಿದ್ದ ಪೆಟ್ಟನ್ನು ಹಂಚಿಕೊಳ್ಳುವ ಶಕ್ತಿ ಅದಕ್ಕಿದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸಬಾರದು.

೬

ಇನ್ನು ತಿಪ್ಪೆಯ ಕಡೆಗೆ ತಿರುಗೋಣ. ೧೮೮೯ರಲ್ಲಿ ಬ್ರಿಟಿಷ ಸರಕಾರವು ವೋಲ್ಕರರೆಂಬ ರಸಾಯನಶಾಸ್ತ್ರಜ್ಞರನ್ನು ಹಿಂದುಸ್ಥಾನದ ಒಕ್ಕಲುತನವನ್ನು ಪರೀಕ್ಷಿಸಲು ಕಳಿಸಿತು. ೧೮೯೩ರಲ್ಲಿ ಪ್ರಕಟವಾದ ಅವರ ವರದಿಯು, ಇಲ್ಲಿಯ ಒಕ್ಕಲಿಗನು ಮೂಢನೆಂಬ ಮಾತನ್ನು ಅಲ್ಲಗಳೆಯಿತು. ಸಗಣಿಯನ್ನು ಕುಳ್ಳು ತಟ್ಟಿ ಸುಡುವದರಿಂದ ಹೊಲಕ್ಕೆ ನಷ್ಟವಾಗುವದೆಂಬುದನ್ನು ಅವನು ಅರಿಯದವನಲ್ಲ; ಉರುವಲು ಕಟ್ಟಿಗೆಯಿಲ್ಲದುದರಿಂದ ಅವನು ಹಾಗೆ ಮಾಡುತ್ತಾನೆ; ಆದಕಾರಣ ಉರುವಲಿನ ಗಿಡಗಳನ್ನು ಬೆಳೆಸಿದರೆ ಗೊಬ್ಬರವು ತಾನಾಗಿಯೇ ಉಳಿಯುವದೆಂದು ಅವರು ತೋರಿಸಿದರು. ಇಂದು ಹಳ್ಳಿಯ ಒಲೆಗೆ ಅನಿಲವು ಬಂದಿರುವಾಗ ವೋಲ್ಕರರ ಮಾತನ್ನು ನೆನೆಯಬೇಕು. ಕುಳ್ಳಿನ ಅವಶ್ಯಕತೆಯು ಕಡಿಮೆಯಾಯಿತು. ಆದರೆ ಅಷ್ಟರಲ್ಲಿ ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದು ಸಗಣಿಯೇ ಕಡಿಮೆಯಾಯಿತು.

ಆಲ್ಬರ್ಟ್ ಹಾವರ್ಡರು ೧೯೨೪ರಿಂದ ೧೯೩೧ರವರೆಗೆ ಇಂದೂರಿನಲ್ಲಿ ನಡೆಸಿದ ಪ್ರಯೋಗಗಳು ಜಗತ್ತಿಗೇ ದಾರಿ ತೋರಿಸಿದವು. ಹೊಲದ ಕಸಕಡ್ಡಿ, ಸಗಣಿ, ಗಂಜಲದ ಮಣ್ಣು, ಬೂದಿ ಇವುಗಳನ್ನು ಪದರು ಪದರಾಗಿ ಒಟ್ಟಿ, ಹಸಿಯಾಡಿಸಿ, ನಡುನಡುವೆ ತಿರುವಿಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುವದೆಂದು ಅವರು ನಿರ್ಧರಿಸಿದರು. ಇಲ್ಲಿಯ ಒಕ್ಕಲಿಗರನ್ನು ತಾವು ಗುರುಗಳೆಂದೇ ಭಾವಿಸಿದುದಾಗಿ ಹಾವರ್ಡರು ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ಮುಂದೆ ೧೯೩೯ರ ಸುಮಾರಿಗೆ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಡಾಕ್ಟರ್ ಆಚಾರ್ಯರು ನಗರದ ಹೊಲಸನ್ನು ಗುಂಡಿಗಳಲ್ಲಿ ತುಂಬಿ, ತಿರುವದೆಯೇ ಕೊಳೆಯಿಸುವ 'ಬೆಂಗಳೂರು ಪದ್ಧತಿ'ಯನ್ನು ರೂಪಿಸಿದರು. ೧೯೪೦ರಲ್ಲಿ ಹಾವರ್ಡರ ದೊಡ್ಡ ಗ್ರಂಥವು ಹೊರಬಂದಿತು. 'ಸಾವಯವ ಒಕ್ಕಲುತನ'ವೆಂಬ ಅರ್ಥದ ಇಂಗ್ಲಿಷ ಪದವನ್ನು ನಾರ್ಥಬರ್ನ್ ಪ್ರಭುವು ಬಳಕೆಗೆ ತಂದುದೂ ಅದೇ ವರುಷ. ಹೀಗೆ ನಮ್ಮ ಹಿತ್ತಲಿನ ತಿಪ್ಪೆಯು ಇಂದೂರಿನ ಪ್ರಯೋಗಶಾಲೆಯನ್ನು ಹೊಕ್ಕು, ವಿಲಾಯತಿಯ ಗ್ರಂಥಗಳಲ್ಲಿ ಸೇರಿ, ಹೊಸ ಹೆಸರನ್ನು ಪಡೆದುಕೊಂಡು ನಮ್ಮಲ್ಲಿಗೆ ಮರಳಿ ಬಂದಿದೆ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಧಾನ್ಯದ ಅಭಾವವಾಗಿ ಪಡಿತರದ ಪದ್ಧತಿಯು ಬಂದಿತು. 'ಅಧಿಕ ಆಹಾರ ಬೆಳೆಯಿರಿ' ಎಂಬ ಘೋಷಣೆಯು ಎಲ್ಲೆಡೆಗೂ ಕೇಳಿಸಿತು. ೧೯೪೭ರಲ್ಲಿ ಧಾರವಾಡಕ್ಕೆ ಕೃಷಿ ಮಹಾವಿದ್ಯಾಲಯವು ದೊರೆಯಿತು. ಅದರ ಆಧಾರದಿಂದಲೇ ೧೯೮೬ರಲ್ಲಿ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು.

೭

ಇದೇ ಧಾರವಾಡದ ಸಂಶೋಧನ ಕೇಂದ್ರದಲ್ಲಿ ಡಾಕ್ಟರ್ ಕಟರಕಿಯವರು 'ಲಕ್ಷ್ಮಿ' ಎಂಬ ಹತ್ತಿಗೂ ಉದ್ದ ಎಳೆಯ ಬೇರೊಂದು ಜಾತಿಯ ಹತ್ತಿಗೂ ಸಂಕರ ಮಾಡಿ ೧೯೭೨ರಲ್ಲಿ 'ವರಲಕ್ಷ್ಮಿ'ಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಗಳ ಕೂಟದಿಂದ ಹುಟ್ಟಿ ಹೊಲಕ್ಕಿಳಿದ ಹತ್ತಿಗಳಲ್ಲಿ ಅದು ಜಗತ್ತಿನಲ್ಲಿಯೇ ಮೊದಲನೆಯದು. ವಿಜ್ಞಾನದ ದೃಷ್ಟಿಯಿಂದ ಇದು ನಮ್ಮ ಸೀಮೆಗೆ ಅಭಿಮಾನದ ಸಂಗತಿ. ಇದರಿಂದ ಎಳೆಯು ಉದ್ದವಾಯಿತು, ಇಳುವರಿಯು ಹೆಚ್ಚಿತು. ಹೂವಿನಿಂದ ಹೂವಿಗೆ ಕೈಯಿಂದ ಪರಾಗವನ್ನು ಮುಟ್ಟಿಸುವ ಬೀಜೋತ್ಪಾದನೆಯಿಂದ ಹಳ್ಳಿಗಳಲ್ಲಿ ಬಹು ಜನಕ್ಕೆ, ಅದರಲ್ಲಿಯೂ ಹೆಂಗಸರಿಗೆ, ಕೆಲಸವು ದೊರೆಯಿತು.

ಆದರೆ ಈ ಲಾಭದ ಸಂಗಡ ಒಂದು ಬದಲಾವಣೆಯೂ ಸದ್ದಿಲ್ಲದೆ ಬಂದಿತು. ಸಂಕರ ಬೀಜವನ್ನು ಹಗೇವಿನಿಂದ ತೆಗೆದು ಬಿತ್ತಲಾಗದು. ಪ್ರತಿ ವರುಷವೂ ಕೊಳ್ಳಬೇಕು. ಅದು ರಸಗೊಬ್ಬರವನ್ನು ಬೇಡುವದು. ಕೀಟದ ಬಾಧೆಗೆ ಬೇಗ ತುತ್ತಾಗುವದರಿಂದ ಔಷಧವನ್ನೂ ಬೇಡುವದು. ಹಿಂದೆ ಪೇಟೆಗೆ ಹೋಗುತ್ತಿದ್ದುದು ಬೆಳೆ ಮಾತ್ರ. ಈಗ ಬೀಜ, ಗೊಬ್ಬರ, ಔಷಧ ಎಲ್ಲವೂ ಪೇಟೆಯಿಂದಲೇ ಬರತೊಡಗಿದವು. ತಿಪ್ಪೆಯ ಪ್ರಶ್ನೆಯು ಹೀಗೆ ಸಾಲದ ಪ್ರಶ್ನೆಯಾಗಿ ಮಾರ್ಪಟ್ಟಿತು. ಮಳೆಯಾಶ್ರಯದ ಎರೆಯಲ್ಲಿ ಕಡಿಮೆ ಖರ್ಚಿನಿಂದ ಬರುತ್ತಿದ್ದ 'ಜಯಧರ'ದಂಥ ದೇಶೀ ಹತ್ತಿಯು ಹಿಂದೆ ಸರಿಯಿತು. ೨೦೦೨ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲಂತೂ ಬೀಜವು ಪೂರ್ತಿಯಾಗಿ ಕಂಪನಿಗಳ ಕೈಗೆ ಹೋಯಿತು.

ಎಂಬತ್ತರ ದಶಕದ ಆರಂಭಕ್ಕೇ ಈ ಭಾರವು ಸ್ಫೋಟಗೊಂಡಿತ್ತು. ಮಲಪ್ರಭೆಯ ಕಾಲುವೆಯ ಪ್ರದೇಶದಲ್ಲಿ, ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೆಯೂ ಸುಧಾರಣೆಯ ಕರವನ್ನು ಹೇರಿದುದರ ವಿರುದ್ಧ ಒಕ್ಕಲಿಗರು ಎದ್ದರು. ೧೯೮೦ನೆಯ ಇಸವಿಯ ಜುಲೈ ೨೧ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಗೋಲೀಬಾರಾಗಿ ಒಕ್ಕಲಿಗರು ಪ್ರಾಣ ತೆತ್ತರು. ಕೆರಳಿದ ಜನಜಂಗುಳಿಯ ಕೈಯಲ್ಲಿ ಪೋಲೀಸರೂ ಸತ್ತರು. ಕರ್ನಾಟಕದ ರೈತ ಚಳವಳಿಯು ಆ ದಿನದಿಂದ ಹೊಸ ರೂಪವನ್ನು ತಾಳಿತು. ಪ್ರತಿ ವರುಷ ಆ ದಿನ ನವಲಗುಂದ ಮತ್ತು ನರಗುಂದಗಳಲ್ಲಿ ಹುತಾತ್ಮರನ್ನು ಸ್ಮರಿಸುವವರು ಈ ಸಂಗತಿಯ ಹಿಂದಿನ ನೂರು ವರುಷಗಳನ್ನೂ ಸ್ಮರಿಸಬೇಕು.

೮

ಇಪ್ಪತ್ತೊಂದನೆಯ ಶತಮಾನವು ಹಳೆಯ ತಿಪ್ಪೆಗೆ ಮತ್ತೆ ಮರ್ಯಾದೆಯನ್ನು ತಂದಿದೆ. ೨೦೦೧ರಲ್ಲಿ ಕೇಂದ್ರ ಸರಕಾರವು ಸಾವಯವ ಬೆಳೆಗೆ ಪ್ರಮಾಣಪತ್ರ ಕೊಡುವ ಯೋಜನೆಯನ್ನು ಜಾರಿಗೆ ತಂದಿತು. ೨೦೦೪ರಲ್ಲಿ ಕರ್ನಾಟಕ ಸರಕಾರವು ಸಾವಯವ ಕೃಷಿಯ ನೀತಿಯನ್ನು ಸಾರಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗಾಗಿಯೇ ಒಂದು ಸಂಸ್ಥೆಯು ಕೆಲಸ ಮಾಡುತ್ತಿದೆ. ೨೦೧೧ರಿಂದ ನೆರೆಹೊರೆಯ ಒಕ್ಕಲಿಗರು ಗುಂಪುಗೂಡಿ ಒಬ್ಬರ ಹೊಲಕ್ಕೆ ಮತ್ತೊಬ್ಬರು ಸಾಕ್ಷಿ ನಿಲ್ಲುವ ಸುಲಭವಾದ ಪದ್ಧತಿಯೂ ಬಂದಿದೆ. ಈ ಪದ್ಧತಿಯಲ್ಲಿ ಕಣಗಿನಹಾಳದ ತತ್ವವೇ ಮತ್ತೊಮ್ಮೆ ಕಾಣುವದಲ್ಲವೆ? ಅಂದು ನೆರೆಯವನು ಸಾಲಕ್ಕೆ ಹೊಣೆಯಾದನು. ಇಂದು ಹೊಲದ ಶುದ್ಧಿಗೆ ಹೊಣೆಯಾಗುತ್ತಾನೆ.

ಆದರೆ ಉತ್ಸಾಹದಲ್ಲಿ ಲೆಕ್ಕವನ್ನು ಮರೆಯಬಾರದು. ಪ್ರಮಾಣಪತ್ರದ ನಿಯಮದ ಮೇರೆಗೆ ವರುಷದ ಬೆಳೆಗೆ ೨ ವರುಷ, ಮಾವು-ಪೇರಲಗಳಂಥ ಬಹುಕಾಲದ ತೋಟಕ್ಕೆ ೩ ವರುಷ ಪರಿವರ್ತನೆಯ ಕಾಲವುಂಟು. ಆ ಕಾಲದಲ್ಲಿ ಇಳುವರಿಯು ಇಳಿಯಬಹುದು. ಸಾವಯವದ ಬೆಲೆಯಂತೂ ಇನ್ನೂ ದೊರೆಯದು. ಈ ನಡುವಣ ಕಾಲವನ್ನು ದಾಟುವ ಬಂಡವಾಳವಿಲ್ಲದೆ ಹೊರಟವನು ಮತ್ತೆ ಸಾವುಕಾರನ ಬಾಗಿಲಿಗೇ ಹೋಗುವನು. ೨೦೨೧ರಲ್ಲಿ ಶ್ರೀಲಂಕೆಯ ಸರಕಾರವು ರಸಗೊಬ್ಬರವನ್ನು ಒಮ್ಮೆಲೆ ನಿಷೇಧಿಸಿ, ಬೆಳೆಯು ಕುಸಿಯಲು, ಅದೇ ವರುಷದೊಳಗೆ ತನ್ನ ಅಪ್ಪಣೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಮಣ್ಣಿನ ಕಸುವು ಆಜ್ಞೆಯಿಂದ ಹುಟ್ಟುವದಿಲ್ಲ. ದನ, ಮೇವು, ಕಸ, ಕಾಲ ಇವು ನಾಲ್ಕೂ ಕೂಡಬೇಕು. ಹಟ್ಟಿಯಲ್ಲಿ ಒಂದೂ ದನವಿಲ್ಲದವನು ಸಗಣಿಯನ್ನು ಕೊಂಡು ಸಾವಯವ ಮಾಡುವೆನೆಂದರೆ, ಅವನು ಅಂಗಡಿಯನ್ನು ಬದಲಿಸಿದನಷ್ಟೇ, ಪರಾವಲಂಬನವನ್ನು ಬಿಡಲಿಲ್ಲ.

ಕಾಲದ ಅನಿಶ್ಚಿತತೆಯಾದರೋ ಕಡಿಮೆಯಾಗಿಲ್ಲ. ೨೦೨೦ರ ಮಾರ್ಚದಲ್ಲಿ ಮಹಾಮಾರಿಯ ನಿಮಿತ್ತ ದೇಶವೇ ಮುಚ್ಚಿದಾಗ ದೂರದ ಪೇಟೆಯನ್ನು ನಂಬಿದ ಹಣ್ಣು-ಕಾಯಿಪಲ್ಲೆಗಳು ಹೊಲದಲ್ಲಿಯೇ ಕೊಳೆತವು. ನಾಲ್ಕು ಓಣಿಗಳ ಗಿರಾಕಿಗಳನ್ನು ಹೆಸರಿನಿಂದ ಬಲ್ಲವರು ಹೇಗೋ ಮನೆಬಾಗಿಲಿಗೆ ಮುಟ್ಟಿಸಿ ಬದುಕಿಕೊಂಡರು. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಮೇರಿಕೆಯ ಯುದ್ಧ, ಬರ, ಪ್ಲೇಗು, ಬೆಲೆಕುಸಿತಗಳ ಸಾಲಿಗೆ ಹೊಸ ಹೆಸರುಗಳು ಸೇರಿವೆ; ಸಾಲು ಮಾತ್ರ ಹಳೆಯದು.

ಈ ಸುದೀರ್ಘ ಚರಿತ್ರೆಯಿಂದ ತಿಳಿಯುವದೇನೆಂದರೆ, ತಿಪ್ಪೆ, ಸಾಲ, ಪೇಟೆ ಈ ಮೂರೂ ಪರರ ಕೈಸೇರಿದ ಕಾಲದಲ್ಲಿ ಸಣ್ಣ ಒಕ್ಕಲಿಗನು ಮುಳುಗಿದ್ದಾನೆ. ಮೂರರಲ್ಲಿ ಒಂದೆರಡನ್ನಾದರೂ ತನ್ನ ಇಲ್ಲವೆ ನೆರೆಯವರ ಕೈಯಲ್ಲಿ ಇಟ್ಟುಕೊಂಡಾಗ ತೇಲಿದ್ದಾನೆ. ಮೂರನ್ನೂ ತಾನೊಬ್ಬನೇ ಹಿಡಿಯುವೆನೆಂದರೆ ಆಗುವ ಮಾತಲ್ಲ. ಹಳೆಯ ಕಾಲಕ್ಕೆ ಮರಳುವದೂ ಸಾಧ್ಯವಿಲ್ಲ. ಆ ಕಾಲದಲ್ಲಿಯೂ ಬರ ಬಂದಾಗ ಜನರು ಸತ್ತಿದ್ದಾರೆಂಬುದನ್ನು ನಾವು ಮೇಲೆ ನೋಡಿದೆವು.

ನವಲೂರಿನ ಪೇರಲ ತೋಟಗಳ ಮೇಲೆ ಈಗ ಊರು ಬೆಳೆಯುತ್ತಿದೆ. ಸಪ್ತಾಪುರದಲ್ಲಿ ಅದು ಎಂದೋ ಬೆಳೆದುಬಿಟ್ಟಿದೆ. ಇಲ್ಲಿಯ ಕೋಣೆಗಳಲ್ಲಿ ಓದುವ ತರುಣರೆಲ್ಲರಿಗೂ ನೌಕರಿ ಸಿಗಲಾರದು. ಹುದ್ದೆಗಳು ಕಡಿಮೆ, ಓದುವವರು ಬಹಳ. ಅವರಲ್ಲಿ ಹಲವರು ಒಂದು ದಿನ ಊರಿಗೆ ಮರಳಲೇಬೇಕು. ಹಾಗೆ ಮರಳುವವರಿಗೆ ಪರೀಕ್ಷೆಗಾಗಿ ಕಂಠಪಾಠ ಮಾಡಿದ ಇಸವಿಗಳಲ್ಲಿ ೧೯೦೫ ಎಂಬುದೂ ಒಂದಿರುತ್ತದೆ. ಬಂಗಾಲದ ವಿಭಜನೆಯೊಂದನ್ನೇ ಆ ಇಸವಿಯೊಡನೆ ನೆನೆಯದೆ, ಕಣಗಿನಹಾಳದ ಒಕ್ಕಲಿಗರು ಒಟ್ಟಿಗೆ ಕುಳಿತು ತಮ್ಮ ಲೆಕ್ಕವನ್ನು ಬರೆಯತೊಡಗಿದುದನ್ನೂ ಅವರು ನೆನೆದರೆ, ಸೋತು ಬಂದೆವೆಂಬ ಭಾವನೆಯಿಲ್ಲದೆ ತಂದೆಯ ಹೊಲದ ಬದುವಿನ ಮೇಲೆ ನಿಲ್ಲಬಲ್ಲರೆಂದು ನಮಗೆ ತೋರುತ್ತದೆ.